ಒಹಾಯೋದ ಮರ ಕಂಡಿತು, ಸಾಗರದ ಅಂಗಳ ಕಾಣಲಿಲ್ಲ

2020ರ ಅಕ್ಟೋಬರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬ ಓಕ್ಯುಲಸ್ ಕ್ವೆಸ್ಟ್ 2 ಅನ್ನುವ, ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುವಲ್ ರಿಯಾಲಿಟಿ ಪೆಟ್ಟಿಗೆ ತರಿಸಿಕೊಂಡ. ವಾರ ಕಳೆದು ಮೀಟಿಂಗ್ ಮುಗಿದ ಮೇಲೆ ಹೇಳಿದ: 'ನಿನ್ನೆ ಒಹಾಯೋದಲ್ಲಿ ನಾನು ಬೆಳೆದ ಮನೆಯ ಮುಂದೆ ನಿಂತಿದ್ದೆ. ಅಪ್ಪ ನೆಟ್ಟ ಮೇಪಲ್ ಮರ ಇನ್ನೂ ಇದೆ.' ಗೂಗಲ್ ಕಾರುಗಳು ಬೀದಿ ಬೀದಿ ಸುತ್ತಿ ತೆಗೆದ ಸ್ಟ್ರೀಟ್ ವ್ಯೂ ಚಿತ್ರಗಳನ್ನು ನಮ್ಮ ಸುತ್ತಲೂ ಹರಡಿ ತೋರಿಸುವ ವಾಂಡರ್ ಅನ್ನುವ ಆ್ಯಪ್ ಅದು. ಹೇಳುವಾಗ ಅವನ ದನಿ ನಡುಗುತ್ತಿತ್ತು.

ಕೋವಿಡ್ ಬಂದು ಆ ವರ್ಷದ ಮಾರ್ಚ್ 23ಕ್ಕೆ ಭಾರತ ಹೊರದೇಶದ ವಿಮಾನ ನಿಲ್ಲಿಸಿದಾಗಿನಿಂದ ನಾನು ಅಮೆರಿಕದ ಈ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲೇ ಕೂತಿದ್ದೆ. ವಿಶೇಷ ವಿಮಾನ ಹಿಡಿದು ಊರಿಗೆ ಹೋಗಬಹುದಿತ್ತು, ನಿಜ. ಆದರೆ ವೀಸಾ ಸ್ಟ್ಯಾಂಪಿಂಗ್ ಇಲ್ಲದೆ ವಾಪಸ್ ಬರುವುದು ಹೇಗೆ? ಹಾಗಾಗಿ 299 ಡಾಲರ್ ಕೊಟ್ಟು ನಾನೂ ಒಂದು ತರಿಸಿದೆ. ಮೊದಲ ರಾತ್ರಿಯೇ ನಮ್ಮೂರು ಸಾಗರವನ್ನು ಹುಡುಕಿದೆ. ನಮ್ಮ ರಸ್ತೆ ಇಲ್ಲ, ಪೇಟೆ ಇಲ್ಲ, ಬಸ್ ಸ್ಟ್ಯಾಂಡೂ ಇಲ್ಲ. ಸ್ಟ್ರೀಟ್ ವ್ಯೂ ಕಾರು 2011ರಲ್ಲಿ ಬೆಂಗಳೂರಿಗೆ ಬಂದಿತ್ತು, ಪೊಲೀಸರು ತಡೆದರು. 2016ರಲ್ಲಿ ಕೇಂದ್ರ ಸರ್ಕಾರವೂ ಒಪ್ಪಲಿಲ್ಲ. ಇದೆಲ್ಲ ಗೊತ್ತಿದ್ದೂ ಹುಡುಕಿದ್ದೆ. ಪೆಟ್ಟಿಗೆ ಕಳಚಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಮೂರು ವಾರಕ್ಕೆ ದೀಪಾವಳಿ ಬಂತು. ಊರಲ್ಲಿ ಸೋಮವಾರ ಬೆಳಿಗ್ಗೆ ಗೋಪೂಜೆ, ನನಗಿಲ್ಲಿ ಭಾನುವಾರ ಸಂಜೆ ಆರು. ಅಮ್ಮ ವೀಡಿಯೊ ಕಾಲ್ ಮಾಡಿದಳು. ಮೊದಲು ಕಂಡಿದ್ದು ಅಮ್ಮನ ಕಿವಿ, ಆಮೇಲೆ ಮಾಡಿನ ಹಂಚು, ಆಮೇಲೆ ಹೆಬ್ಬೆರಳು. ಕೊಟ್ಟಿಗೆಯಲ್ಲಿ ಸಿಗ್ನಲ್ ಹೋಗುತ್ತದೆಂದು ಅಣ್ಣನ ಮಗ ಫೋನ್ ಹಿಡಿದು ಅಂಗಳದಲ್ಲಿ ನಿಂತ, ದನಗಳನ್ನೇ ಹೊರಗೆ ತಂದರು. ಗೌರಿಯ ಕೊರಳಿಗೆ ಅಡಿಕೆ, ಚೆಂಡುಹೂವಿನ ಸರ. ಅದು ಪಕ್ಕದ ಕರುವಿನ ಸರಕ್ಕೆ ಬಾಯಿ ಹಾಕಿತು, ಅತ್ತಿಗೆ ಗದರಿದಳು. ಹಿಂದಿನಿಂದ ದೊಡ್ಡಪ್ಪ 'ಉಂಡಿಯೇನೋ?' ಅಂದರು. ಫೋನ್ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತ ಮನೆ ಸುತ್ತಿತು. ಚಿತ್ರ ಎರಡು ಸಲ ನಿಂತುಹೋಯಿತು. ಆದರೂ ಹನ್ನೊಂದು ಜನರನ್ನು ನೋಡಿದೆ.

ಆ ವರ್ಷವಾದರೂ ವರ್ಚುವಲ್ ರಿಯಾಲಿಟಿ ಮನೆಮಾತಾಗುತ್ತದೆ ಅಂತ ಇಲ್ಲಿ ಎಲ್ಲರೂ ಹೇಳುತ್ತಿದ್ದರು. ಜನ ಮನೆಯೊಳಗೆ ಬಂದಿ, ಹೊರಗೆ ಹೋಗುವ ಹಾಗಿಲ್ಲ, ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಆದರೆ ಜನಕ್ಕೆ ಬೇಕೆನಿಸಿದ ಹೊತ್ತಿನಲ್ಲಿ, ಅಂದರೆ ಲಾಕ್‌ಡೌನಿನ ಮೊದಲ ತಿಂಗಳುಗಳಲ್ಲಿ, ಹಳೆಯ ಕ್ವೆಸ್ಟ್ ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ಜೂಮ್ ಮೀಟಿಂಗುಗಳಿಗೆ ಸೇರುವವರು ದಿನಕ್ಕೆ ಒಂದು ಕೋಟಿಯಿಂದ 30 ಕೋಟಿಗೆ ಏರಿದರು. ಅದಕ್ಕೆ ಹೊಸದೇನನ್ನೂ ಕೊಳ್ಳಬೇಕಿರಲಿಲ್ಲ, ಇದ್ದ ಫೋನ್ ಸಾಕಿತ್ತು.

ಬೆಲೆ ಇಳಿದೀತು. ಫೇಸ್‌ಬುಕ್ ಖಾತೆ ಇಲ್ಲದೆ ಕ್ವೆಸ್ಟ್ 2 ಶುರುವೇ ಆಗುವುದಿಲ್ಲ ಅನ್ನುವ ಆಗಿನ ಕಟ್ಟುಪಾಡೂ 2022ರಲ್ಲಿ ಸಡಿಲವಾಯಿತು. ನನ್ನ ತಕರಾರು ಬೇರೆಯೇ. ಅರ್ಧ ಕಿಲೋ ತೂಕದ ಆ ಪೆಟ್ಟಿಗೆ ಒಂದು ಮುಖಕ್ಕೆ ಮಾತ್ರ. ಬೆವರಿದ ಮುಖದಿಂದ ತೆಗೆದು ಇನ್ನೊಬ್ಬರ ಮುಖಕ್ಕೆ ಒತ್ತುವುದು ಆ ಕಾಯಿಲೆಯ ಕಾಲದಲ್ಲಿ ಆಗದ ಮಾತಾಗಿತ್ತು. ಆಗುವಂತಿದ್ದರೂ ಹಾಕಿಕೊಂಡವರು ಮನೆಯೊಳಗೇ ಇದ್ದು ಇಲ್ಲದವರಾಗುತ್ತಾರೆ. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಪರದೆ, ಇಲ್ಲಿಗದು ಒಗ್ಗೀತು. ನಮ್ಮಲ್ಲಿ ಫೋನ್ ಅಮ್ಮನದಾದರೂ ಕರೆ ಮನೆಯವರೆಲ್ಲರದು. ಆಗ ಭಾರತದಲ್ಲಿ ಕ್ವೆಸ್ಟನ್ನು ಕಂಪನಿಯೇ ಮಾರುತ್ತಿರಲಿಲ್ಲ. ಮಾರಿದರೂ ನಮ್ಮ ಮನೆಯಲ್ಲಿ ಅದನ್ನು ಯಾರು ಹಾಕಿಕೊಳ್ಳುತ್ತಾರೆ? ಹಾಕಿಕೊಂಡವರಿಗೆ ಕರು ಕಾಣುತ್ತದೆಯೇ?

ಅಮ್ಮನ ಫೋನನ್ನು ನಾನು ಅತಿಯಾಗಿ ಹೊಗಳುತ್ತಿದ್ದೇನೆ ಅಂತ ಹೆಂಡತಿ ಅನ್ನುತ್ತಾಳೆ. ಅಷ್ಟು ಜನ ಸುತ್ತ ಇರುವಾಗ ಅಮ್ಮ ತನ್ನ ಮಂಡಿನೋವಿನ ಮಾತನ್ನು ಒಮ್ಮೆಯೂ ಎತ್ತಿಲ್ಲ. ಅದು ನನಗೆ ಗೊತ್ತಾದದ್ದು ತಿಂಗಳಾದ ಮೇಲೆ, ಅಣ್ಣನಿಂದ.

ಇನ್ನೊಂದನ್ನೂ ಹೇಳಲೇಬೇಕು. ಟೊರಾಂಟೊದಲ್ಲಿರುವ ನನ್ನ ಹಾಸ್ಟೆಲ್ ಗೆಳೆಯನೂ ಒಂದು ಕ್ವೆಸ್ಟ್ ಕೊಂಡಿದ್ದಾನೆ. ಡಿಸೆಂಬರಿನಲ್ಲಿ ಒಂದು ರಾತ್ರಿ ಟೇಬಲ್ ಟೆನಿಸ್ ಆಡಿದೆವು. ಎದುರಿಗಿದ್ದದ್ದು ಬರೀ ಒಂದು ಬೊಂಬೆತಲೆ, ಒಂದು ಬ್ಯಾಟು. ಮುಖವೇ ಇಲ್ಲ. ಸರ್ವ್ ಮಾಡುವ ಮುಂಚೆ ಆ ತಲೆ ಎಡಕ್ಕೆ ಚೂರು ವಾಲಿತು, ಬ್ಯಾಟು ಎರಡು ಸಲ ಅಲುಗಿತು. ಹದಿನೈದು ವರ್ಷದ ಹಿಂದೆ ಮೆಸ್ಸಿನ ಪಕ್ಕದ ಆ ಹಳೇ ಟೇಬಲ್ ಮುಂದೆ ಅವನು ಹೀಗೇ ನಿಲ್ಲುತ್ತಿದ್ದ. ವಾರವಾರ ಜೂಮಿನಲ್ಲಿ ಅವನ ಮುಖ ನೋಡುತ್ತಿದ್ದರೂ ಈ ವಾಲು ಕಂಡಿರಲಿಲ್ಲ. ಚೆಂಡು ನನ್ನ ಪಕ್ಕದಲ್ಲೇ ಹಾದುಹೋಯಿತು, ನಾನು ಬ್ಯಾಟ್ ಎತ್ತಲೇ ಇಲ್ಲ.

'ಏನೋ, ನಿದ್ದೆ ಬಂತಾ?' ಅಂದ. ದನಿ ಮೇಜಿನ ಆ ಬದಿಯಿಂದಲೇ ಬಂತು.