78.4ರ ಹಠ

ದಾವಣಗೆರೆಯಲ್ಲಿ ಇದ್ಕೊಂಡು ತೂಕ ಇಳಿಸ್ತೀನಿ ಅನ್ನೋದು ಸಾರಾಯಿ ಅಂಗಡಿ ಮೇಲೆ ಮನೆ ಮಾಡಿ ಕುಡಿತ ಬಿಡ್ತೀನಿ ಅಂದ ಹಾಗೆ. ಬೆಳಿಗ್ಗೆ ಯಾವ ರಸ್ತೆ ಹಿಡಿದರೂ ಕಾದ ಹಂಚಿನ ಮೇಲೆ ಬೆಣ್ಣೆ ಕರಗೋ ವಾಸನೆ. ಸಂಜೆಯಾದರೆ ಮಿರ್ಚಿ, ಮಂಡಕ್ಕಿ. ಇಷ್ಟರ ನಡುವೆಯೂ ನಾನು 84 ಕೆಜಿಯಿಂದ 79ಕ್ಕೆ ಇಳಿದೆ. ಅದೂ ಸಲೀಸಾಗಿ. ಸಕ್ಕರೆ ಬಿಟ್ಟೆ, ಅನ್ನ ಅರ್ಧ ಮಾಡಿದೆ, ದಿನಾ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಡೆದೆ. ಅಷ್ಟೇ.

ಆಗ ನನ್ನ ಗತ್ತು ನೋಡಬೇಕಿತ್ತು. ಏರಿ ಮೇಲೆ ಸಿಕ್ಕವರಿಗೆಲ್ಲ ಪುಕ್ಕಟೆ ಉಪದೇಶ. "ಮನಸ್ಸು ಮಾಡಬೇಕು ರೀ, ಬೇರೇನಿಲ್ಲ" ಅಂತಿದ್ದೆ. ಮೊದಮೊದಲು ಬೇಗ ಇಳಿಯೋದರಲ್ಲಿ ಒಂದು ಪಾಲು ಬರೀ ನೀರು ಅಂತ ಯಾರೂ ಹೇಳಿರಲಿಲ್ಲ. ದೇಹ ಕೂಡಿಟ್ಟುಕೊಂಡ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ತನ್ನ ತೂಕದ ಮೂರು ಪಟ್ಟು ನೀರನ್ನೂ ಹಿಡಿದಿಟ್ಟುಕೊಂಡಿರುತ್ತಂತೆ. ಊಟ ಕಡಿಮೆ ಆದ ಕೂಡಲೇ ಖಾಲಿಯಾಗೋದು ಅದು. ಕೊಬ್ಬು ಕದಲೋದು ಆಮೇಲೆ, ಅದರ ಮರ್ಜಿ ಬಂದಾಗ.

ನನ್ನ ಕೊಬ್ಬಿಗೆ ಮರ್ಜಿ ಬರಲಿಲ್ಲ. 78.4ಕ್ಕೆ ಬಂದು ಕೂತಿತು. ಹಬ್ಬ ಬಂತು, ಹೋಯಿತು. ಮಳೆಗಾಲ ಶುರುವಾಯಿತು. 78.4.

ಮೊದಲು ಅನುಮಾನ ಬಂದಿದ್ದು ಯಂತ್ರದ ಮೇಲೆ. ಬ್ಯಾಟರಿ ಬದಲಿಸಿದೆ. ಚಾಪೆ ಮೇಲಿಂದ ಟೈಲ್ಸ್ ಮೇಲಿಟ್ಟೆ. ಹಾಲ್‌ನಿಂದ ದೇವರ ಮನೆಗೆ ಒಯ್ದೆ, ಅಮ್ಮ ಬೈದು ಆಚೆ ಕಳಿಸಿದರು. ಮಗಳು ಮಾತಾಡದೆ 5 ಕೆಜಿ ಗೋಧಿ ಹಿಟ್ಟಿನ ಚೀಲ ತಂದು ಅದರ ಮೇಲಿಟ್ಟಳು. ಸರಿಯಾಗಿ 5.0 ತೋರಿಸಿತು. "ಅಪ್ಪಾ, ಹಿಟ್ಟಿಗೆ ಸುಳ್ಳು ಹೇಳದೇ ಇರೋದು ನಿನಗೆ ಮಾತ್ರ ಯಾಕೆ ಹೇಳುತ್ತೆ?" ಅಂದಳು. ಒಂಬತ್ತನೇ ಕ್ಲಾಸು. ವಿಜ್ಞಾನದಲ್ಲಿ ಚುರುಕು, ಅಪ್ಪನ ವಿಷಯದಲ್ಲಿ ಕರುಣೆ ಕಮ್ಮಿ.

ಆದರೂ ಸಮಾಧಾನ ಆಗಲಿಲ್ಲ. ಗೆಳೆಯನೊಬ್ಬನ ಮಂಡಕ್ಕಿ ಭಟ್ಟಿಗೆ ಹೋದೆ. ಅಲ್ಲಿ ಮೂಟೆ ತೂಗೋ ದೊಡ್ಡ ಕಾಟಾ ಇದೆ. ವ್ಯಾಪಾರದ ಕಾಟಾ, ಮುಲಾಜು ನೋಡಲ್ಲ. ಒಳಗೆ ಕಾದ ಮರಳಲ್ಲಿ ಅಕ್ಕಿ ಚಟಪಟ ಅಂತ ಅರಳ್ತಿತ್ತು. ಗೋಡೆಗೆಲ್ಲ ಮಸಿ, ಸೆಕೆ ಬೇರೆ. ಚಪ್ಪಲಿ ಬಿಟ್ಟು, ಮೊಬೈಲು ಪಕ್ಕಕ್ಕಿಟ್ಟು, ಸೊಂಟದ ಬೆಲ್ಟೂ ಬಿಚ್ಚಿ ಹತ್ತಿ ನಿಂತೆ. ಮೂಟೆ ಹೊರುವ ಹುಡುಗರೆಲ್ಲ ಕೆಲಸ ಬಿಟ್ಟು ನೋಡೋಕೆ ನಿಂತರು. ಒಬ್ಬ ಬಗ್ಗಿ ಓದಿ, ಗೋದಾಮಿನ ಕಡೆ ಮುಖ ಮಾಡಿ ಕೂಗಿದ: "ಎಪ್ಪತ್ತೆಂಟೂವರೆ! ಬರ್ಕೊಳ್ರೀ!"

ಒಳಗಿಂದ ಯಾರೋ ಬರೆದುಕೊಂಡೂ ಬಿಟ್ಟರು. ಆ ದಿನದ ಅವರ ಲೆಕ್ಕದಲ್ಲಿ ನಾನೂ ಒಂದು ಮೂಟೆ. ಗೆಳೆಯ ನಕ್ಕು ನಕ್ಕು ಸುಸ್ತಾಗಿ, "ಬಂದಿದೀಯ, ಹಂಗೇ ಹೋಗ್ಬ್ಯಾಡ" ಅಂತ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ತರಿಸಿದ. ಬೇಡ ಅಂದರೆ ಸ್ನೇಹಕ್ಕೆ ಅವಮಾನ ಅಲ್ವಾ?

ಆಮೇಲೆ ಊರಿನವರ ಮದ್ದು ಶುರುವಾಯಿತು. ಜೀರಿಗೆ ನೀರು. ಹುರುಳಿ ಕಟ್ಟು. ನಿಂಬೆರಸ, ಜೇನುತುಪ್ಪ. ಯಾರೋ ಹೇಳಿದರು ಅಂತ ಆ್ಯಪಲ್ ಸೈಡರ್ ವಿನೆಗರನ್ನು ನೀರು ಬೆರೆಸದೆ ಕುಡಿದು, ಮಧ್ಯಾಹ್ನದವರೆಗೆ ಗಂಟಲು ಹಿಡ್ಕೊಂಡು ಓಡಾಡಿದೆ. ಶ್ರಾವಣ ಸೋಮವಾರದ ಉಪವಾಸವನ್ನೂ ಮಾಡಿದೆ. ನಮ್ಮ ಉಪವಾಸ ಗೊತ್ತಲ್ಲ? ಅನ್ನ ಒಂದು ಬಿಟ್ಟು ಸಾಬುದಾನಿ ಖಿಚಡಿ, ಹುರಿದ ಶೇಂಗಾ, ಬಾಳೆಹಣ್ಣು, ಗಟ್ಟಿ ಹಾಲು. ದೇವರು ಮೆಚ್ಚಿರಬಹುದು, ತೂಕದ ಯಂತ್ರ ಮೆಚ್ಚಲಿಲ್ಲ.

ಕೊನೆಗೆ ಡಾಕ್ಟರಿಕೆ ಓದುತ್ತಿರೋ ನನ್ನ ಬಾಮೈದ ರಜಕ್ಕೆ ಬಂದ. ಸೋಫಾ ಮೇಲೆ ಕಾಲು ಮಡಚಿ ಕೂತು, "ಭಾವ, ಇದು ನಿಮ್ಮೊಬ್ಬರ ಕಥೆ ಅಲ್ಲ" ಅಂತ ಶುರು ಮಾಡಿದ. 1944ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಗಂಡಸರನ್ನು ಕೂಡಿಸಿಕೊಂಡು ಒಂದು ಪ್ರಯೋಗ ಮಾಡಿದರಂತೆ. ಯುದ್ಧಕ್ಕೆ ಹೋಗಲ್ಲ ಅಂದಿದ್ದ ಯುವಕರು ಅವರು, ತಾವಾಗೇ ಒಪ್ಪಿ ಬಂದವರು. 24 ವಾರ ಅವರಿಗೆ ಹೆಚ್ಚುಕಡಿಮೆ ಅರ್ಧ ಊಟ. ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ತೂಕ ಕಾಲು ಭಾಗ ಇಳಿಯಿತು, ನಿಜ. ಆದರೆ ದೇಹವೂ ತನ್ನ ಖರ್ಚು ಕಡಿಮೆ ಮಾಡಿಕೊಂಡಿತು. ಸುಸ್ತು, ಚಳಿ, ಯಾವುದರಲ್ಲೂ ಆಸಕ್ತಿ ಇಲ್ಲ. ಊಟದ್ದೊಂದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದ್ತಾ ಕೂರುತ್ತಿದ್ದರಂತೆ.

ಇಲ್ಲಿ ನನ್ನ ಹೆಂಡತಿ ತಲೆ ಎತ್ತಿದಳು. ರಾತ್ರಿ ಹನ್ನೊಂದಕ್ಕೆ ನಾನು ಮೊಬೈಲಲ್ಲಿ ಕೊಟ್ಟೆ ಕಡುಬು ಮಾಡೋ ವಿಡಿಯೋ ನೋಡೋದು ಅವಳಿಗೆ ಗೊತ್ತು. "ಸುಸ್ತು ಅಂದ್ಯಲ್ಲ, ಅದೂ ಹೌದು" ಅಂದಳು. "ವಾಕಿಂಗ್ ಮುಗಿಸಿ ಬಂದ ಮೇಲೆ ಇವರು ಮಂಚ ಬಿಟ್ಟು ಇಳಿಯಲ್ಲ. ನೀರು ಬೇಕಂದ್ರೂ ಮಗಳನ್ನ ಕೂಗ್ತಾರೆ."

"ಅದೇ ಅಕ್ಕ! ಒಂದು ಗಂಟೆ ನಡೆದು, ಉಳಿದ ದಿನ ಗೊತ್ತಿಲ್ಲದೇ ಕಡಿಮೆ ಓಡಾಡೋದು. ಅದೂ ಒಂದು ಕಾರಣ."

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಪ್ಪೆಲ್ಲ ದೇಹದ್ದು ಅಂತ ನಾನು ನೆಮ್ಮದಿಯಿಂದ ಇರುತ್ತಿದ್ದೆ. ಅವನು ನಿಲ್ಲಿಸಲಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಅಧ್ಯಯನ. ಎಷ್ಟು ಕಡಿಮೆ ತಿಂದರೂ ತೂಕ ಇಳೀತಿಲ್ಲ ಅನ್ನೋರನ್ನೇ ಹುಡುಕಿ ಪರೀಕ್ಷೆ ಮಾಡಿದರು. ಅವರ ದೇಹ ಸರಿಯಾಗೇ ಕೆಲಸ ಮಾಡ್ತಿತ್ತು. ಆದರೆ ಹೇಳಿದ್ದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ತಿನ್ನುತ್ತಿದ್ದರು.

ಹೆಂಡತಿ ನಕ್ಕಳು. ಬೇಕಾಗಿದ್ದಕ್ಕಿಂತ ಜಾಸ್ತಿ ಹೊತ್ತು ನಕ್ಕಳು. ಆಮೇಲೆ ಕಿರಾಣಿ ಲೆಕ್ಕದ ನೋಟ್‌ಬುಕ್ ತಂದಳು. ನಾಲ್ಕು ಜನದ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆ. ತೂಕದಲ್ಲಿ ಸುಮಾರು ನಾಲ್ಕೂವರೆ ಕೆಜಿ. ಗ್ರಾಮಿಗೆ 9 ಕ್ಯಾಲೊರಿ. ಪೆನ್ನು ಓಡಿಸಿ ಕೂಡಿ, ಗುಣಿಸಿ, ಭಾಗಿಸಿದಳು. ಒಬ್ಬೊಬ್ಬರಿಗೆ ದಿನಕ್ಕೆ 340ರ ಹತ್ತಿರ. ಕೆರೆ ಏರಿ ಮೇಲೆ ಒಂದು ಗಂಟೆ ಬೆವರು ಸುರಿಸಿ ನಾನು ಕರಗಿಸೋದು ಅದಕ್ಕಿಂತ ಜಾಸ್ತಿ ಇಲ್ಲ.

"ಇದು ಎಣ್ಣೆ ಮಾತ್ರ" ಅಂದಳು. ನೋಟ್‌ಬುಕ್ಕಿನ ಪುಟ ತಿರುಗಿಸಿ ಅಲ್ಲೇ ನಿಂತಳು. "ಅತ್ತೆ, ಬೆಣ್ಣೆ ಈ ತಿಂಗಳು ಮೂರು ಸಲ ತಂದೀವಿ. ಯಾರು ತಿಂತಿದಾರೆ?"

ಅಮ್ಮ ಬತ್ತಿ ಹೊಸೆಯುತ್ತಿದ್ದರು. ಇನ್ನೂ ಜೋರಾಗಿ ಹೊಸೆದರು.

ವಿಷಯ ಹೊರಗೆ ಬರೋಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ರಾತ್ರಿ ನಾನು ಲೇಟಾಗಿ ಬಂದಾಗ ಬಡಿಸೋದು ಅಮ್ಮನೇ. ನನ್ನ ಬಟ್ಟಲಿಗೆ ಮೊದಲು ಬೆಣ್ಣೆ, ಅದರ ಮೇಲೆ ಕುದಿಯೋ ಸೊಪ್ಪಿನ ಸಾರು. ನಾನು ಕೈ ತೊಳೆದು ಬರೋ ಹೊತ್ತಿಗೆ ಎಲ್ಲಾ ಕರಗಿ ಮಾಯ. ಸಾರು ಇತ್ತೀಚೆಗೆ ಬಹಳ ರುಚಿ ಅಂತ ನಾನು ಹೊಗಳಿದ್ದೂ ಉಂಟು.

"ಏನ್ ಮಾಡ್ಲಿ ತಮ್ಮಾ? ಆ ಮೂಲೆ ಮನೆಯಾಕಿ ಬಂದು, ಮಗನಿಗೆ ಶುಗರ್ ಏನ್ರೀ, ಮುಖ ಬತ್ತಿ ಹೋಗೇತಿ ಅಂದ್ಲು. ಹೊಟ್ಟಿ ಉರೀತು. ಹಾಕಿದ್ದು ಎಷ್ಟು? ಒಂದು ಅಡಿಕೆಯಷ್ಟು!"

ಹೆಂಡತಿ ಫ್ರಿಜ್ಜಿನಿಂದ ಬೆಣ್ಣೆ ತಂದು, ಹಾಕಿ ತೋರಿಸಿ ಅಂದಳು. ಅಮ್ಮ ಬೆರಳಲ್ಲಿ ತೆಗೆದು ತೋರಿಸಿದರು. ಒಳ್ಳೇ ನಿಂಬೆಹಣ್ಣಿನ ಗಾತ್ರ.

"ಚನ್ನಗಿರಿ ತೋಟದಲ್ಲೂ ಇಷ್ಟು ದೊಡ್ಡ ಅಡಿಕೆ ಬಿಡಲ್ಲ ಅತ್ತೆ!"

ಅಂದಿನಿಂದ ಲೆಕ್ಕ ಅಮ್ಮನ ಕೈಗೇ ಹೋಯಿತು. ಅದು ಹೆಂಡತಿಯ ಉಪಾಯ. ಕಳ್ಳನ ಕೈಗೇ ಕೀಲಿಕೈ. ಎಣ್ಣೆ ಕ್ಯಾನಿಗೆ ಮಾರ್ಕರ್‌ನಲ್ಲಿ ವಾರಕ್ಕೊಂದು ಗೆರೆ. ಒಗ್ಗರಣೆಗೆ ಅಳತೆ ಚಮಚ. ಅಮ್ಮ ಈಗ ಎಷ್ಟು ಕಟ್ಟುನಿಟ್ಟು ಅಂದರೆ, ಶೇಂಗಾ ಚಟ್ನಿ ಪುಡಿಗೆ ನಾನು ಎರಡನೇ ಹನಿ ಎಣ್ಣೆ ಬಿಟ್ಟರೆ ಒಳಗಿಂದಲೇ ಕೆಮ್ಮುತ್ತಾರೆ. ನೀರು ಕೂಗೋದಕ್ಕೂ ಕಡಿವಾಣ ಬಿತ್ತು. ಮಗಳು ಬರೋದೇ ಬಿಟ್ಟಳು, ನಾನೇ ಏಳಬೇಕು. ದೇಹ ಚಿಕ್ಕದಾದಂತೆ ಅದಕ್ಕೆ ಬೇಕಾದ ಊಟವೂ ಕಡಿಮೆಯಂತೆ, ಹಾಗಾಗಿ ರಾತ್ರಿ ಮುದ್ದೆಯೂ ಸ್ವಲ್ಪ ಸಣ್ಣದಾಯಿತು. ಹಾಕಿಕೊಳ್ಳೋವಾಗ ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳಲಿ.

ಒಂದು ಬೆಳಿಗ್ಗೆ ಯಂತ್ರ 78.1 ಅಂತು. ಇಳಿದು ಮತ್ತೆ ಹತ್ತಿದೆ. 78.1. ಆಮೇಲೆ ನಿಧಾನಕ್ಕೆ 77, ಮಧ್ಯೆ ಒಂದು ಮದುವೆ ಊಟಕ್ಕೆ ಮತ್ತೆ ಮೇಲೆ, ಮತ್ತೆ ಕೆಳಗೆ. 76ಕ್ಕೆ ಬಂದ ದಿನ ಪ್ಯಾಂಟುಗಳನ್ನೆಲ್ಲ ಗಂಟು ಕಟ್ಟಿಕೊಂಡು ಟೈಲರ್ ಹತ್ತಿರ ಹೋದೆ. ಸೊಂಟದ ಹತ್ತಿರ ಹಿಡಿದು ಕೊಡಿ ಅಂದೆ. ಅವರು ಟೇಪು ಸುತ್ತಿ ನೋಡಿದರು, ಕನ್ನಡಕದ ಮೇಲಿಂದ ನನ್ನನ್ನೂ ನೋಡಿದರು.

"ಒಂದೂವರೆ ಇಂಚು ಹಿಡೀತೀನಿ ಸರ್. ಬಟ್ಟೆ ಕತ್ತರಿಸಲ್ಲ, ಒಳಗೇ ಮಡಚಿ ಬಿಟ್ಟಿರ್ತೀನಿ."

"ಯಾಕೆ? ಕತ್ತರಿಸಿಬಿಡಿ."

"ದೀಪಾವಳಿ ಮುಗೀಲಿ, ನೋಡಾಣ" ಅಂದು ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡರು.