ತೋಟ ಅಡವಿಟ್ಟು ಮಗಳನ್ನು ಪೈಲಟ್ ಮಾಡಬೇಕೇ?

ಪರ

ನಮ್ಮ ಬದಿಯಡ್ಕ, ಕುಂಬಳೆ ಕಡೆಯ ಎಷ್ಟು ಮಂದಿ ಬಜ್ಪೆಯಿಂದ ವಿಮಾನ ಹತ್ತಿ ಗಲ್ಫಿಗೆ ಹೋಗಿ ಬಂದಿಲ್ಲ! ಹತ್ತುವವರಲ್ಲಿ ನಾವಿದ್ದೇವೆ, ಓಡಿಸುವವರಲ್ಲೂ ಇರಬಾರದಾ?

ಇದಕ್ಕೆ ಮಹಾ ಬುದ್ಧಿವಂತಿಕೆ ಬೇಕಿಲ್ಲ. ಪ್ಲಸ್ ಟುನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಕಾಮರ್ಸ್ ಓದಿದವರೂ ಓಪನ್ ಸ್ಕೂಲಿನಲ್ಲಿ ಆ ಎರಡನ್ನು ಬರೆದುಕೊಳ್ಳಬಹುದು. 18 ತುಂಬಿ, 200 ಗಂಟೆ ಹಾರಾಟ ಮುಗಿಸಿ, ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳಲ್ಲಿ ಪಾಸಾದರೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ.

ಖರ್ಚು ಜಾಸ್ತಿ, ಒಪ್ಪಿದೆ. ಆದರೆ ಮಗಳ ಮದುವೆಗೆ ತೋಟ ಅಡವಿಟ್ಟಾಗ ಯಾರೂ ಬಾಯಿ ತೆರೆಯುವುದಿಲ್ಲ. ಅವಳ ಲೈಸೆನ್ಸಿಗೆ ಅಡವಿಟ್ಟರೆ ಮಾತ್ರ ನೆಂಟರಿಗೆಲ್ಲ ನಿದ್ದೆ ಕೆಡುತ್ತದೆ.

ವಿರೋಧ

ಆಸೆಗೆ ನನ್ನ ತಕರಾರಿಲ್ಲ, ಲೆಕ್ಕಕ್ಕೆ ಇದೆ. (ಮದುವೆಯ ಮಾತು ನನಗೂ ಚುಚ್ಚಿತು, ಅದು ಬೇರೆ.)

ಫ್ಲೈಯಿಂಗ್ ಸ್ಕೂಲಿನವರು ಹೇಳುವುದು ಲೈಸೆನ್ಸಿನವರೆಗಿನ ಲೆಕ್ಕ. ಅದೇ 50 ಲಕ್ಷದ ಆಸುಪಾಸು ಆಗುತ್ತದೆ. ಆಮೇಲೆ ಏರ್‌ಬಸ್ 320ರಂಥ ಒಂದು ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನೇ ಓಡಿಸಲು ಬೇಕಾದ ಬೇರೆ ತರಬೇತಿ, ಮಾಡಬೇಕು. ಅದಕ್ಕೆ ಮತ್ತೆ 10 ಲಕ್ಷಕ್ಕಿಂತ ಮೇಲೆ. ಸಾಲ 7.5 ಲಕ್ಷ ದಾಟಿತೆಂದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತದೆ. ಮೋಡ ಕವಿದ ದಿನ ತರಬೇತಿಯ ಪುಟ್ಟ ವಿಮಾನ ಮೇಲೇಳುವುದಿಲ್ಲ. ಬಡ್ಡಿಗೆ ಮಳೆಗಾಲ ಇದೆಯಾ?

ಲೈಸೆನ್ಸ್ ಬಂದ ಮರುದಿನವೇ ಕೆಲಸ ಅಂತಲೂ ಇಲ್ಲ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತುಹೋದವು. ಸಾವಿರಾರು ಗಂಟೆ ಹಾರಿದವರೇ ಕೆಲಸ ಹುಡುಕುತ್ತಿರುವಾಗ, 200 ಗಂಟೆಯ ಮಗು ಸಾಲಿನ ಕೊನೆಗೆ ನಿಲ್ಲಬೇಕು.

ಆದರೂ ಹೋಗುವುದೇ ಆದರೆ ಫೀಸು ಕಟ್ಟುವ ಮೊದಲು ಕ್ಲಾಸ್ 1 ಮೆಡಿಕಲ್, ಅಂದರೆ ಪೈಲಟ್ ಆಗಲು ಬೇಕಾದ ಆರೋಗ್ಯ ತಪಾಸಣೆ, ಮಾಡಿಸಿ. ನನ್ನ ಭಾವನ ಮಗ ಹಾಗೆ ಮಾಡಲಿಲ್ಲ. ಸ್ಕೂಲಿನವರು ಅವಸರ ಮಾಡಿದರೆಂದು ಮುಂಗಡ ಕಟ್ಟಿದರು. ಕಣ್ಣಿನ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ನಡುವಿನ ಅಂಕಿ ಅವನಿಗೆ ಕಾಣಲೇ ಇಲ್ಲ. ಸಣ್ಣವನಿದ್ದಾಗ ಹಣ್ಣಡಿಕೆ ಹೆಕ್ಕಲು ಕೂರಿಸಿದರೆ ಹಸಿರನ್ನೂ ಬುಟ್ಟಿಗೆ ಹಾಕಿ ಅಜ್ಜನಿಂದ ಬೈಸಿಕೊಳ್ಳುತ್ತಿದ್ದ. ಉದಾಸೀನ ಅಂತಲೇ ನಾವೆಲ್ಲ ತಿಳಿದಿದ್ದೆವು.

ಮುಂಗಡ ವಾಪಸ್ ಕೇಳಿ ಭಾವ ಈಗಲೂ ಫೋನ್ ಮಾಡುತ್ತಿದ್ದಾರೆ.