ಇದು ವೀಸಾ ಅಲ್ಲ ಸ್ವಾಮೀ, ಬರೀ ಅನುಮತಿ

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಮೊನ್ನೆ ರಾತ್ರಿ ಫೋನ್ ಮಾಡಿದ. ದನಿ ಕೇಳಿ ಯಾರೋ ಹೋಗಿಬಿಟ್ಟರು ಅಂದುಕೊಂಡೆ. 'ಪ್ಯಾರಿಸ್‌ಗೆ ಹೋಗೋಕೂ ಇನ್ಮೇಲೆ ಪರ್ಮಿಷನ್ ತಗೋಬೇಕಂತೆ ಕಣೋ. ನಮ್ಮಂಥವರು! ಅಮೆರಿಕದವರು!' ಅಂದ. ಇವನು ತುಮಕೂರಿನವನು. ಅಮೆರಿಕದ ಪಾಸ್‌ಪೋರ್ಟ್ ಬಂದು ಇನ್ನೂ ಐದು ವರ್ಷ ಆಗಿಲ್ಲ.

ಬಾಯಲ್ಲಿ ಸಮಾಧಾನ ಹೇಳಿದೆ. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ವಿಷಯ ಇಷ್ಟೇ. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ ಹೀಗೆ ಸುಮಾರು 60 ಕಡೆಯ ಜನ ಯುರೋಪಿಗೆ ವೀಸಾ ಇಲ್ಲದೆ ಹೋಗಬಹುದು. ಮಾವನ ಮನೆಗೆ ಅಳಿಯ ಹೋದ ಹಾಗೆ. ಇನ್ನು ಮುಂದೆ ಇವರೂ ಹೊರಡುವ ಮುಂಚೆ 'ಎಟಿಯಾಸ್' ಅನ್ನೋ ಅನುಮತಿ ಪಡೆಯಬೇಕು. 30 ದೇಶಗಳಿಗೆ ಇದು ಲಾಗು. ಒಮ್ಮೆ ಸಿಕ್ಕರೆ ಮೂರು ವರ್ಷ, ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ.

ಇದು ವೀಸಾ ಅಲ್ಲ. ಯುರೋಪಿಯನ್ ಒಕ್ಕೂಟ ಇದನ್ನು ಹೇಳಿ ಹೇಳಿ ಸುಸ್ತಾಗಿದೆ. ಅರ್ಜಿ ಹಾಕಬೇಕು, ದುಡ್ಡು ಕಟ್ಟಬೇಕು, ಪೊಲೀಸ್ ದಾಖಲೆಗಳ ಜೊತೆ ಹೆಸರು ತಾಳೆ ಹಾಕ್ತಾರೆ, ಬೇಡ ಅನ್ನಿಸಿದರೆ ತಿರಸ್ಕರಿಸ್ತಾರೆ. ಆದರೂ ವೀಸಾ ಅಲ್ಲ. ನಮ್ಮ ಕಡೆ ಗಂಡಿನವರು ಹೇಳ್ತಾರಲ್ಲ, 'ನಮಗೇನೂ ಬೇಡಪ್ಪ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ' ಅಂತ. ಅದೂ ವರದಕ್ಷಿಣೆ ಅಲ್ಲ.

ಉತ್ತರ ಬಹಳ ಜನಕ್ಕೆ ನಿಮಿಷಗಳಲ್ಲೇ ಬರುತ್ತಂತೆ. ಬರದಿದ್ದರೆ ನಾಲ್ಕು ದಿನ. ಇನ್ನೂ ಕಾಗದ ಕೇಳಿದರೆ ಹದಿನಾಲ್ಕು ದಿನ ಎಳೆಯಬಹುದು. ಮಾತಾಡಿಸಬೇಕು ಅಂತ ಕರೆದರೆ ಮೂವತ್ತು. ಇಷ್ಟೆಲ್ಲ ಆಗಿ ಅನುಮತಿ ಸಿಕ್ಕರೂ ಒಳಗೆ ಬಿಟ್ಟೇ ಬಿಡ್ತೀವಿ ಅಂತೇನೂ ಇಲ್ಲ, ಅದನ್ನು ಗಡಿಯಲ್ಲಿ ಕೂತವರು ನೋಡಿಕೊಳ್ತಾರೆ. ಎಪ್ಪತ್ತು ದಾಟಿದವರಿಗೆ, ಹದಿನೆಂಟು ತುಂಬದವರಿಗೆ ಶುಲ್ಕ ಮಾಫಿ. ಫಾರಂ ಮಾಫಿ ಇಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಶುಲ್ಕದ ಕಥೆ. 2018ರಲ್ಲಿ ಕಾನೂನು ಮಾಡಿದಾಗ 7 ಯೂರೋ ಅಂದಿದ್ದರು. 2025ರಲ್ಲಿ ಅದನ್ನು 20 ಯೂರೋಗೆ ಏರಿಸಿದ್ದೇವೆ ಅಂದರು. ಅಷ್ಟು ಹೊತ್ತಿಗೆ ಒಂದೇ ಒಂದು ಅನುಮತಿಯನ್ನೂ ಕೊಟ್ಟಿರಲಿಲ್ಲ. ಹೋಟೆಲ್ ಬಾಗಿಲು ತೆಗೆದಿಲ್ಲ, ಒಲೆ ಹಚ್ಚಿಲ್ಲ, ಬೋರ್ಡಿನಲ್ಲಿ ಕಾಫಿ ರೇಟು ಮಾತ್ರ ಹೆಚ್ಚುಕಡಿಮೆ ಮೂರು ಪಟ್ಟು. ಕಾರಣ ಕೇಳಿದರೆ ಬೆಲೆ ಏರಿಕೆ, ನಿರ್ವಹಣೆ ಖರ್ಚು, ಜೊತೆಗೆ ಅಮೆರಿಕ, ಬ್ರಿಟನ್ನಿನವರ ಇಂಥದೇ ಅನುಮತಿಗೆ ಸರಿಹೊಂದಿಸಬೇಕು ಅಂತ. ಅಂದರೆ, ಪಕ್ಕದ ಹೋಟೆಲಿನವನು ಜಾಸ್ತಿ ತಗೊಳ್ತಾನೆ, ನಾವ್ಯಾಕೆ ಕಮ್ಮಿ? ಇಷ್ಟು ಪ್ರಾಮಾಣಿಕ ಉತ್ತರ ನಮ್ಮ ದರ್ಶಿನಿ ಮಾಲೀಕರೂ ಕೊಟ್ಟಿಲ್ಲ.

ಹಾಗೆ ನೋಡಿದರೆ ಪಕ್ಕದ ಹೋಟೆಲಿನವನೂ ಕಮ್ಮಿ ಇಲ್ಲ. ಬ್ರಿಟನ್ ತನ್ನ 'ಇಟಿಎ' ಅನ್ನೋ ಇಂಥದೇ ಅನುಮತಿಯನ್ನು ಯುರೋಪಿನವರಿಗೆ ಕಡ್ಡಾಯ ಮಾಡಿದ್ದು 2025ರ ಏಪ್ರಿಲ್ 2ಕ್ಕೆ, 10 ಪೌಂಡಿಗೆ. ಏಪ್ರಿಲ್ 9ಕ್ಕೆ 16 ಪೌಂಡ್. ಒಂದು ವಾರ ತಡೆದರು, ಪುಣ್ಯಾತ್ಮರು. ಅದೇ ಬ್ರಿಟನ್ 2016ರ ಜೂನಿನಲ್ಲಿ ಒಕ್ಕೂಟ ಬಿಡ್ತೀವಿ ಅಂತ ವೋಟು ಹಾಕಿತು. ನವೆಂಬರಿನಲ್ಲಿ ಒಕ್ಕೂಟ ಎಟಿಯಾಸ್ ಪ್ರಸ್ತಾಪ ತಂದಿತು. ಪಾಲು ತಗೊಂಡು ಬೇರೆ ಮನೆ ಮಾಡಿದ ಅಣ್ಣ ಹಬ್ಬಕ್ಕೆ ಬರ್ತಾನೆ. ಬಾಗಿಲಲ್ಲಿ ತಮ್ಮ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದಾನೆ. ಹೆಸರು ಬರಿ, ಇಪ್ಪತ್ತು ಯೂರೋ ಇಡು.

ಇನ್ನು ಮುಹೂರ್ತ. 2021 ಅಂದರು. ಆಮೇಲೆ 2022. ಆಮೇಲೆ 2023, 2024, 2025. ಈಗ 2026ರ ಕೊನೆಯ ಮೂರು ತಿಂಗಳು ಅಂತ ಇಟ್ಟಿದ್ದಾರೆ. ಶುರುವಾದ ಮೇಲೂ ಮೊದಲ ಆರು ತಿಂಗಳು ಇಲ್ಲದಿದ್ದರೂ ನಡೆಯುತ್ತಂತೆ. ಬೆಂಗಳೂರಿನ ಫ್ಲೈಓವರ್ ನೋಡಿ ನರೆತ ತಲೆ ನನ್ನದು. ಯುರೋಪ್ ಮೊದಲ ಸಲ ನಮ್ಮೂರಿನ ಹಾಗೆ ಕಂಡಿತು.

ಅಂದ ಹಾಗೆ, ನಮ್ಮ ಭಾರತದ ಪಾಸ್‌ಪೋರ್ಟಿಗೆ ಎಟಿಯಾಸ್ ಅನ್ವಯಿಸೋದಿಲ್ಲ. ಖುಷಿಪಡಬೇಡಿ. ನಮಗೆ ಷೆಂಗೆನ್ ವೀಸಾ, 90 ಯೂರೋ. ಷೆಂಗೆನ್ ಅನ್ನೋದು ಲಕ್ಸೆಂಬರ್ಗಿನ ಒಂದು ಪುಟ್ಟ ಹಳ್ಳಿ. 1985ರ ಜೂನ್ 14ರಂದು ಐದು ದೇಶದವರು ಅಲ್ಲಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಒಂದು ಹಡಗಿನಲ್ಲಿ ಕೂತು, ನಮ್ಮ ನಡುವಿನ ಗಡಿ ತಪಾಸಣೆ ತೆಗೆದುಬಿಡೋಣ ಅಂತ ಸಹಿ ಹಾಕಿದರು. ಆ ಊರಿನ ಹೆಸರು ಕೇಳಿದರೆ ಇವತ್ತು ನಮಗೆ ನೆನಪಾಗೋದು ಜೆರಾಕ್ಸ್ ಅಂಗಡಿ.

ಕಳೆದ ಸಲ ಈ ವೀಸಾಗೆ ಅರ್ಜಿ ಹಾಕೋಕೆ ನಾನು ಹೋಗಿದ್ದೆ. ಫೈಲು ಎರಡು ಕೈಯಲ್ಲಿ ಹಿಡಿಯುವಷ್ಟಿತ್ತು. 30,000 ಯೂರೋ ವಿಮೆ, ರಜೆ ಪತ್ರ, ಟಿಕೆಟ್, ಹೋಟೆಲ್ ಬುಕಿಂಗ್, 35ಕ್ಕೆ 45 ಮಿಲಿಮೀಟರಿನ ಫೋಟೋ. ಫೋಟೋದಲ್ಲಿ ನಗಬಾರದು. ನಗು ಬರುವ ಸ್ಥಿತಿಯಲ್ಲೂ ಇರಲಿಲ್ಲ ಬಿಡಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿದರೆ 41 ಪುಟ. ಎಲ್ಲಾ ಯುಪಿಐ ಮಹಿಮೆ. ಎಳನೀರು 50. ಕೊತ್ತಂಬರಿ ಸೊಪ್ಪು 20. ಎಳನೀರು 50. ಆಟೋ 140. ಕೊತ್ತಂಬರಿ ಸೊಪ್ಪು 10. ಕೌಂಟರಿನ ಹುಡುಗಿ ಒಂದೊಂದೇ ಪುಟಕ್ಕೆ ಸೀಲು ಇದೆಯಾ ಅಂತ ನೋಡಿದಳು. ಯಾವುದೋ ಅಧಿಕಾರಿ ಕನ್ನಡಕ ಏರಿಸಿಕೊಂಡು, 'ಈ ಮನುಷ್ಯ ಹತ್ತು ರೂಪಾಯಿ ಕೊತ್ತಂಬರಿಯನ್ನೂ ಫೋನಲ್ಲೇ ಕೊಳ್ತಾನೆ, ಇವನು ವಾಪಸ್ ಹೋಗ್ತಾನಾ?' ಅಂತ ಯೋಚಿಸುವುದನ್ನು ನೆನೆಸಿಕೊಂಡೆ. ವೀಸಾ ಬಂತು. ಒಂಬತ್ತು ದಿನದ ಮಟ್ಟಿಗೆ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಅವನ ದುಃಖ ಬೇರೆ. ಎಟಿಯಾಸ್ ಅರ್ಜಿಯಲ್ಲಿ ಏನೆಲ್ಲ ಕೇಳ್ತಾರೆ ಅಂತ ಓದಿಕೊಂಡಿದ್ದ. ಎಷ್ಟು ಓದಿದ್ದೀರಿ, ಏನು ಕೆಲಸ, ಯುದ್ಧ ನಡೆಯುವ ಕಡೆ ಹೋಗಿದ್ದಿರಾ, ಜೈಲು ಗೀಲು? ಇವಕ್ಕೆಲ್ಲ ಹೆದರುವವನಲ್ಲ. ತಂದೆ ತಾಯಿಯ ಹೆಸರೂ ಕೇಳ್ತಾರೆ. ಅಲ್ಲಿ ಸಿಕ್ಕಿಕೊಂಡ.

ನಮ್ಮ ಚಿಕ್ಕಪ್ಪನ ಹೆಸರಿನ ಮುಂದೆ ಎರಡು ಇನಿಷಿಯಲ್ ಇದೆ. ಒಂದು ಊರು, ಒಂದು ಅವರಪ್ಪ. ಬಿಡಿಸಿ ಬರೆದರೆ ಫಾರಂ ಸಾಲದು, ಬಿಟ್ಟರೆ ಅದು ಚಿಕ್ಕಪ್ಪನೇ ಅಲ್ಲ. ಈ ವಿಷಯದಲ್ಲಿ ತಮ್ಮನಿಗೆ ಹಳೇ ಗಾಯವಿದೆ. ಅವನ ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಅಮೆರಿಕದವರು ಮೊದಲ ವೀಸಾದಲ್ಲಿ ಇದ್ದ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಹಾಕಿದರು. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಎರಡು ವರ್ಷ ಆಫೀಸಿನಲ್ಲಿ ಎಲ್ಲರೂ ಅವನನ್ನು 'ಫನೂ' ಅಂತಲೇ ಕರೆದರು.

'ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ, ಇನ್ನೂ ಅರ್ಜಿ ತಗೊಳ್ಳೋಕೇ ಶುರು ಮಾಡಿಲ್ಲ' ಅಂದೆ.

'ಇಲ್ಲ ಕಣೋ, ನಿನ್ನೆನೇ ಹಾಕ್ದೆ. ಅಪ್ರೂವ್ ಕೂಡ ಆಯ್ತು' ಅಂದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು ಎಲ್ಲಾ ಕಡೆ ಇರ್ತಾರೆ. ಎಟಿಯಾಸ್ ಕೊಡಿಸ್ತೀವಿ ಅನ್ನೋ ನಕಲಿ ವೆಬ್‌ಸೈಟುಗಳ ಬಗ್ಗೆ ಎಚ್ಚರ ಅಂತ ಯುರೋಪಿನ ಗಡಿ ಸಂಸ್ಥೆ ಫ್ರಾಂಟೆಕ್ಸ್ ಹೇಳ್ತಾನೇ ಇದೆ. ಇವನು ಅಂಥದ್ದೊಂದಕ್ಕೆ 95 ಡಾಲರ್ ಕಟ್ಟಿದ್ದ. ಪಿಡಿಎಫ್ ಕಳಿಸಿದ. ನೀಲಿ ಬಣ್ಣ, ಹನ್ನೆರಡು ನಕ್ಷತ್ರ, ದೊಡ್ಡ ಹಸಿರು ಟಿಕ್ಕು. ನಾನು ಜೂಮ್ ಮಾಡಿ ಮಾಡಿ ನೋಡಿದೆ. ಚಿಕ್ಕಪ್ಪನ ಹೆಸರು ಊರಿನ ಸಮೇತ ಪೂರ್ತಿ ಬಿದ್ದಿತ್ತು, ಒಂದು ಅಕ್ಷರ ತಪ್ಪಿಲ್ಲದೆ.